ಎಂಟು ಮನೆಗೆ ಒಂದೇ ತಂತಿ

ಓಸ್ಟ್‌ಬಿ
16 ಸೆಪ್ಟೆಂಬರ್ 1971, ಗುರುವಾರ

ಆಲ್ಮಾ,

ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳೋ ಮೊದಲು ನಾನೇ ಹೇಳಿಬಿಡುತ್ತೇನೆ. ಮೊನ್ನೆ ಮಂಗಳವಾರ ನಿನ್ನ ಗಂಡನ ವಿಷಯದಲ್ಲಿ ನಾನು "ಒಪ್ಪಿಗೆ ಇಲ್ಲ" ಅಂದೆ. ಫೋನಿನಲ್ಲಿ ಅಂದೆ. ಊರಿಗೇ ಕೇಳಿಸೋ ಹಾಗೆ ಅಂದೆ.

ನಡೆದದ್ದು ಹೀಗೆ. ಬೆಳಿಗ್ಗೆ ನಾನು ಬೀಟ್‌ರೂಟು ಕುದಿಸುತ್ತಿದ್ದೆ. ಗಂಟೆ ಬಾರಿಸಿತು, ಎರಡು ಉದ್ದ, ಒಂದು ಗಿಡ್ಡ. ಅದು ನಮ್ಮ ಮನೆಯ ಗಂಟೆ. ಪಟ್ಟಣದಲ್ಲೆಲ್ಲ ಮನೆಗೊಂದು ತಂತಿ ಬಂದಿದೆ, ನಮ್ಮ ರಸ್ತೆಯ ಎಂಟು ಮನೆಗೆ ಈಗಲೂ ಒಂದೇ ತಂತಿ. ಯಾರಿಗೆ ಫೋನ್ ಬಂದರೂ ಎಲ್ಲರೂ ಎತ್ತಿ ಕೇಳುತ್ತಾರೆ. ನಾನೂ ಕೇಳುತ್ತೇನೆ, ದೇವರ ಮುಂದೆ ಎಷ್ಟೋ ಸಲ ತಪ್ಪೊಪ್ಪಿಕೊಂಡಿದ್ದೇನೆ.

ಎಳೇ ದನಿಯ ಹುಡುಗಿ. "ಅಭಿಪ್ರಾಯ ಸಂಗ್ರಹ ಮಾಡ್ತಿದ್ದೀವಿ ಮೇಡಂ. ಗವರ್ನರ್ ಹಾಕೋನ್ ರುಸ್ತಾದ್ ಅವರ ಕೆಲಸಕ್ಕೆ ನಿಮ್ಮ ಒಪ್ಪಿಗೆ ಇದೆಯೋ, ಇಲ್ಲವೋ?" ಅಂದಳು.

"ಯಾವ ಕೆಲಸಕ್ಕೆ?" ಅಂದೆ.

"ಒಟ್ಟಾರೆ."

"ಒಟ್ಟಾರೆ ಅಂದರೆ ಹೇಗಮ್ಮ ಹೇಳೋದು? ಇಪ್ಪತ್ತು ವರ್ಷ ಹುಚ್ಚಾಸ್ಪತ್ರೆಯಲ್ಲಿ ಕೊಳೀತಿದ್ದ ನನ್ನ ಅಣ್ಣ ನಿಲ್ಸ್‌ನ ಕಾನೂನು ಮಾಡಿ ಮನೆಗೆ ಕಳಿಸಿದ್ದು ಒಪ್ಪಿಗೆ. ನಮ್ಮೂರ ಸ್ಕೂಲು ಮುಚ್ಚಿಸಿದ್ದು ಒಪ್ಪಿಗೆ ಇಲ್ಲ."

"ಎರಡರಲ್ಲಿ ಒಂದನ್ನೇ ಗುರುತು ಹಾಕಬೇಕು ಮೇಡಂ."

ಕಿಟಕಿಯಿಂದ ಹೊರಗೆ ನೋಡಿದೆ. ಸ್ಕೂಲಿನ ಬಾಗಿಲಿಗೆ ಹಲಗೆ ಹೊಡೆದಿದ್ದಾರೆ. ನೀನು, ನಾನು, ಹಾಕೋನ್, ನಮ್ಮ ನಿಲ್ಸ್, ನಾಲ್ಕೂ ಜನ ಒಂದೇ ಒಲೆಯ ಸುತ್ತ ಒದ್ದೆ ಕಾಲುಚೀಲ ಒಣಗಿಸಿಕೊಂಡ ಕೋಣೆ ಅದು. ಆಮೇಲೆ ಹದಿನಾಲ್ಕು ವರ್ಷ ಅಲ್ಲಿನ ಮಕ್ಕಳಿಗೆ ನಾನೇ ಸಾರು ಮಾಡಿ ಬಡಿಸಿದೆ. ಈಗ ಆರು ವರ್ಷದ ಕೂಸುಗಳು ಹದಿನೆಂಟು ಮೈಲಿ ಬಸ್ಸಿನಲ್ಲಿ ಹೋಗುತ್ತವೆ, ಹಿಮ ಬಿದ್ದ ಮೇಲೆ ಹೇಗೋ ಏನೋ. ಒಪ್ಪಿಗೆ ಇದೆ ಅನ್ನೋಕೆ ನಾಲಿಗೆ ಹೊರಳಲಿಲ್ಲ, ಆಲ್ಮಾ. "ಒಪ್ಪಿಗೆ ಇಲ್ಲ ಅಂತ ಬರಕೋ" ಅಂದುಬಿಟ್ಟೆ.

ಆಗ ತಂತಿಯಲ್ಲಿ ಬಿರ್ಗಿಟ್ ಮನೆಯ ಗೋಡೆ ಗಡಿಯಾರ ಕೇಳಿಸಿತು. ಮುದುಕ ಟೋರ್ಗರನ ಕೆಮ್ಮು ಕೇಳಿಸಿತು. ಹಾಗಾಗಿ ಬರೆಯುತ್ತಿದ್ದೇನೆ.

ದೇಶದ ಅಧ್ಯಕ್ಷ ಪದವಿಗೆ ಹಾಕೋನ್ ಹೆಸರು ಓಡುತ್ತಿದೆ ಅಂತ ರೇಡಿಯೋದಲ್ಲಿ ಹೇಳಿದರು. ನಿಲ್ಸ್ ಕೇಳಿ ನಕ್ಕ. ಮನೆಗೆ ಬಂದ ಒಂದೂವರೆ ವರ್ಷದಲ್ಲಿ ಇದು ಅವನ ಮೂರನೇ ನಗು.

ನಿನಗಾಗಿ ದಿನಾ ಪ್ರಾರ್ಥಿಸೋ,
ಥೋರಾ


ಗವರ್ನರ್ ನಿವಾಸ
4 ಅಕ್ಟೋಬರ್ 1971

ಥೋರಾ,

ನಿನ್ನ ಕಾಗದ ಬಂದ ದಿನ ಓದಿ ನಕ್ಕಿದ್ದೆ. ಈಗ ನಗು ಬರುತ್ತಿಲ್ಲ.

ಆ ಹುಡುಗಿ ನಮ್ಮ ಜಿಲ್ಲೆಯಲ್ಲಿ ಕೇಳಿದ್ದೇ ಹದಿನಾರು ಮನೆ. ಅದರಲ್ಲಿ ಎಂಟು ನಿಮ್ಮ ತಂತಿಯವು. ಹದಿನಾರರಲ್ಲಿ ಮೂರೇ ಮನೆಗೆ ಹಾಕೋನ್ ಬೇಕಂತೆ. "ಹುಟ್ಟೂರಿಗೇ ಬೇಡವಾದ ಗವರ್ನರ್" ಅಂತ ರಾಜಧಾನಿಯ ಪತ್ರಿಕೆ ಮೊದಲ ಪುಟಕ್ಕೆ ಹಾಕಿತು. ಅದನ್ನು ನೋಡಿ ಪೂರ್ವದ ದೊಡ್ಡ ಊರುಗಳ ಪತ್ರಿಕೆಗಳೂ ಹಾಕಿದವು. ಇಡೀ ರಾಜ್ಯದಲ್ಲಿ ನೂರಕ್ಕೆ ಅರವತ್ತೊಂದು ಇದ್ದದ್ದು ಐವತ್ತನಾಲ್ಕಕ್ಕೆ ಇಳಿದಿದೆ.

ವಾಡೆಲ್ ಅಂತ ಒಬ್ಬರು ಬಂದಿದ್ದಾರೆ, ಅಂಕಿ ನೋಡಿ ಯಾರು ಗೆಲ್ಲುತ್ತಾರೆ ಅಂತ ಹೇಳೋದೇ ಅವರ ಕಸುಬು. "ಮನೆಯವರೇ ಊಟ ಹಾಕದಿದ್ದರೆ ಬೀದಿಯವರು ಹಾಕ್ತಾರಾ ಗವರ್ನರ್?" ಅಂತ ಎಲ್ಲರೆದುರಿಗೇ ಕೇಳಿದರು. ಹಾಕೋನ್ ಕಾಫಿಗೆ ಮತ್ತೆ ಮತ್ತೆ ಸಕ್ಕರೆ ಹಾಕಿಕೊಂಡ.

ನಮ್ಮ ಜಿಲ್ಲೆಯ ಪತ್ರಿಕೆಯವನು ನಿನ್ನ ಹತ್ತಿರ ಬರುತ್ತಾನೆ. ಪ್ರಶ್ನೆ ಸರಿಯಾಗಿ ಅರ್ಥವಾಗಲಿಲ್ಲ ಅಂತ ಹೇಳು, ಅಷ್ಟು ಸಾಕು. ತಂತಿಯಲ್ಲಿ ಕರಕರ ಇತ್ತು ಅನ್ನು. ನಿಮ್ಮ ತಂತಿಯಲ್ಲಿ ಯಾವಾಗಲೂ ಕರಕರ ಇರುತ್ತಲ್ಲ, ಅದರಲ್ಲಿ ಸುಳ್ಳೇನು ಬಂತು?

ಹದಿನೈದು ವರ್ಷ ಅವನು ಕಾಲು ಸವೆಸಿದ್ದಾನೆ, ಥೋರಾ. ಒಂದು ಮಾತು ಕೇಳುತ್ತಿದ್ದೇನೆ.

ನಿನ್ನ,
ಆಲ್ಮಾ


ಓಸ್ಟ್‌ಬಿ
11 ಅಕ್ಟೋಬರ್ 1971

ಆಲ್ಮಾ,

ನಿನ್ನ ಕಾಗದ ಹಿಡಕೊಂಡು ಎರಡು ದಿನ ಓಡಾಡಿದೆ. ಕೊನೆಗೆ ಪಾದ್ರಿಗಳ ಹತ್ತಿರ ಹೋದೆ. "ಪ್ರಶ್ನೆ ಅರ್ಥ ಆಗಿತ್ತಾ?" ಅಂದರು. ಆಗಿತ್ತು ಅಂದೆ. "ಮತ್ತೆ ನನ್ನನ್ನೇನು ಕೇಳ್ತೀಯ ಥೋರಾ?" ಅಂದರು. ಅಲ್ಲಿಗೆ ಮುಗಿಯಿತು.

ಆದರೆ ಉಳಿದ ಏಳು ಮನೆಯದು ಬೇರೆಯೇ ಕಥೆ. ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಕೆಳಮನೆಯಲ್ಲಿ ಕಾಫಿಗೆ ಕೂತಾಗ ಒಬ್ಬೊಬ್ಬರನ್ನೇ ಕೇಳಿದೆ.

"ಬಿರ್ಗಿಟ್, ನೀನು ಯಾಕೆ ಹಾಗಂದೆ?"

"ನೀನೇ ಅಂದ ಮೇಲೆ ನನ್ನದೇನಿದೆ? ನೀನು ಗವರ್ನರ್ ಹೆಂಡತಿಯ ಗೆಳತಿ. ಒಳಗೆ ಏನೋ ಇರಬೇಕು ಅನ್ನಿಸ್ತು."

ಟೋರ್ಗರನಂತೂ ಆ ಹುಡುಗಿಗೆ "ಥೋರಾ ಏನಂದಳೋ ಅದೇ" ಅಂದನಂತೆ. "ನೀನು ಯಾವಾಗಲೂ ಕೇಳಿಸ್ಕೋತಾ ಇರ್ತೀಯಲ್ಲೇ. ನಿನ್ನ ಕಿವಿಯಲ್ಲೇ ನಿನಗೆ ಎದುರಾಡೋಕಾಗುತ್ತಾ? ಮರ್ಯಾದೆ ಬೇಡವಾ?" ಅಂತ ನನ್ನನ್ನೇ ಗದರಿದ. ಮೂರನೇ ಮನೆಯವರು ಹೇಳಿದ್ದೂ ಇದೇ, ಐದನೆಯವರು ಹೇಳಿದ್ದೂ ಇದೇ. ಏಳೂ ಜನಕ್ಕೆ ಹಾಕೋನ್ ಮೇಲೆ ಸಿಟ್ಟಿಲ್ಲ, ನನ್ನ ಮೇಲಿನ ಮರ್ಯಾದೆಗೆ ಹೇಳಿದ್ದಾರೆ. ಇಂಥ ಪೆದ್ದರು ನಾವು.

ಕರಕರ ಇತ್ತು ಅಂತ ನಾನು ಹೇಳಲಾರೆ. ಅವತ್ತು ತಂತಿ ಗಂಟೆಯ ಹಾಗೆ ಸ್ಪಷ್ಟವಾಗಿತ್ತು. ಆದರೆ ಆ ಹುಡುಗಿಯ ಕಾಗದದಲ್ಲಿ ಜಾಗ ಇರದಿದ್ದ ಇನ್ನೊಂದು ಅರ್ಧವನ್ನು ಹೇಳುತ್ತೇನೆ. ನಿಲ್ಸ್ ಮನೆಗೆ ಬಂದ ಕಥೆ ಪತ್ರಿಕೆಗೆ ಬರೆಯುತ್ತೇನೆ. ಅದೂ ನಿಜವೇ. ಸ್ಕೂಲಿನದನ್ನೂ ಬಿಡುವುದಿಲ್ಲ.

ಸಿಟ್ಟು ಮಾಡಿಕೋಬೇಡ. ಮಾಡಿಕೊಂಡರೂ ಬರಿ.

ಥೋರಾ


ಓಸ್ಟ್‌ಬಿ
8 ನವೆಂಬರ್ 1971

ಆಲ್ಮಾ,

ಒಂದು ತಿಂಗಳಾಯಿತು. ಅಂಚೆಯವನು ನನ್ನನ್ನು ನೋಡಿದರೆ ದೂರದಿಂದಲೇ ತಲೆ ಅಲ್ಲಾಡಿಸುತ್ತಾನೆ.

ನಾನು ಬರೆದದ್ದನ್ನು ಪತ್ರಿಕೆಯವರು ಹಾಕಿದರು. ಕತ್ತರಿಸಿ ಈ ಕಾಗದದ ಜೊತೆ ಇಟ್ಟಿದ್ದೇನೆ, ನೋಡು. ಎರಡು ಕಡೆ ಕಾಗುಣಿತ ತಿದ್ದಿದ್ದಾರೆ, ಮಾತು ತಿದ್ದಿಲ್ಲ. ನಿಲ್ಸ್‌ಗೆ ಓದಿ ಹೇಳಿ, ಅವನು ಹೂಂ ಅಂದ ಮೇಲೇ ಕಳಿಸಿದ್ದು.

ನೆಲ ಗಟ್ಟಿಯಾಗಿದೆ. ಆಲೂಗಡ್ಡೆ ಎಲ್ಲ ನೆಲಮಾಳಿಗೆಗೆ ಸೇರಿತು. ಅವುಗಳ ಸಿಪ್ಪೆ ತೆಗೆಯೋದು ನಿಲ್ಸ್ ಕೆಲಸ. ಸಿಪ್ಪೆ ಎಷ್ಟು ತೆಳುವಾಗಿ ಬರುತ್ತೆ ಅಂದರೆ ಅದರ ಆಚೆಯ ಬೆಳಕು ಕಾಣುತ್ತೆ. ಆಸ್ಪತ್ರೆಯ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಮಾಡಿದ ಕೆಲಸ ಅದೊಂದೇ.

ನಿನ್ನೆ ಅವನು ಇದ್ದಕ್ಕಿದ್ದಂತೆ "ಆಲ್ಮಾ ಕೆಂಪು ಟೋಪಿ" ಅಂದ. ನೆನಪಿದೆಯಾ? ಐದನೇ ತರಗತಿಯಲ್ಲಿ ಹಾಕೋನ್ ನಿನ್ನ ಕೆಂಪು ಟೋಪಿ ಕಸಿದು ಧ್ವಜದ ಕಂಬಕ್ಕೆ ಏರಿಸಿದ್ದ. ಇಳಿಸೋಕೆ ಹೋಗಿ ಹಗ್ಗ ಸಿಕ್ಕಿಕೊಂಡಿತು. ನಿಲ್ಸ್ ಆ ಚಳಿಯಲ್ಲಿ ಕಂಬ ಹತ್ತಿ ಟೋಪಿ ತಂದುಕೊಟ್ಟ. ಟೀಚರ್ ಬಂದು ಯಾರು ಮಾಡಿದ್ದು ಅಂದರೆ ನಾಲ್ಕೂ ಜನ ಬಾಯಿಬಿಡಲಿಲ್ಲ. ನಾಲ್ವರಿಗೂ ಏಟು ಬಿತ್ತು. ಮನೆಗೆ ಹೋಗೋವಾಗ ದಾರಿಯುದ್ದಕ್ಕೂ ನಾವು ನಕ್ಕಿದ್ದು ಯಾಕೆ ಅಂತ ಈಗಲೂ ನನಗೆ ಗೊತ್ತಿಲ್ಲ.

ಆ ನಾಲ್ವರು ಇನ್ನೂ ಇದ್ದೇವೆ ಅಂದುಕೊಂಡಿದ್ದೇನೆ.

ಥೋರಾ


ಗವರ್ನರ್ ನಿವಾಸ
22 ನವೆಂಬರ್ 1971

ಥೋರಾ,

ನಾನು ಸಿಟ್ಟಾಗಿದ್ದೆ. ಅದನ್ನು ಮುಚ್ಚಿಡುವುದಿಲ್ಲ. ಈಗ ಇಲ್ಲ.

ನಿನ್ನ ಬರಹ ಎಲ್ಲಿಂದ ಎಲ್ಲಿಗೆ ಹೋಯಿತು ಗೊತ್ತಾ? ರಾಜಧಾನಿಯ ಪತ್ರಿಕೆ ಎತ್ತಿ ಹಾಕಿತು. ಆಮೇಲೆ ಚಿಕಾಗೋದಲ್ಲಿ, ಬೋಸ್ಟನ್ನಿನಲ್ಲಿ. ಆಸ್ಪತ್ರೆಗಳಲ್ಲಿ ಮಕ್ಕಳನ್ನು, ಅಕ್ಕತಂಗಿಯರನ್ನು ಬಿಟ್ಟು ಬಂದವರು ಚೀಲಗಟ್ಟಲೆ ಕಾಗದ ಬರೆಯುತ್ತಿದ್ದಾರೆ. ಹಾಕೋನ್ ಐವತ್ತನಾಲ್ಕರಿಂದ ಅರವತ್ತಮೂರಕ್ಕೆ ಏರಿದ. "ನಿಮ್ಮ ಗೆಳತಿಗೆ ನಾನು ಸಂಬಳ ಕೊಡಬೇಕು" ಅಂತಾರೆ ವಾಡೆಲ್. ಸ್ಕೂಲಿನ ಬಗ್ಗೆ ನೀನು ಬೈದದ್ದಕ್ಕೇ ಉಳಿದದ್ದನ್ನು ಜನ ನಂಬಿದರಂತೆ.

ಈಗ ಅವರಿಗೆ ನಿಲ್ಸ್ ಬೇಕು. ಒಂದೇ ನಿಮಿಷದ ಫಿಲ್ಮು, ಟೀವಿಗೆ. ಮನೆ, ಅವನು, ನೀನು. ಮಾರ್ಚ್‌ನಲ್ಲಿ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ನ್ಯೂ ಹ್ಯಾಂಪ್‌ಷೈರ್‌ನ ಜನ ಮೊದಲ ವೋಟು ಹಾಕುತ್ತಾರೆ. ಅಲ್ಲಿ ಹಾಕೋನ್ ಯಾರು ಅಂತ ನೂರಕ್ಕೆ ಆರು ಜನಕ್ಕಷ್ಟೇ ಗೊತ್ತು. ಈ ಫಿಲ್ಮು ನೋಡಿದರೆ ಗೊತ್ತಾಗುತ್ತೆ ಅಂತಾರೆ.

ನಾನು ಕೇಳುತ್ತಿಲ್ಲ. ಕೇಳು ಅಂತ ಹೇಳಿದ್ದಾರೆ, ಅದಕ್ಕೆ ಬರೆದೆ. ಬೇಡ ಅನ್ನಿಸಿದರೆ ಬೇಡ ಅಂತ ಒಂದು ಸಾಲು ಹಾಕು.

ಕೆಂಪು ಟೋಪಿ ಎಲ್ಲಿ ಹೋಯಿತೋ. ಹುಡುಕಿದೆ ನಾನು, ಈ ಮನೆಯಲ್ಲಿ. ಇಲ್ಲಿಗೆ ಅದು ಬಂದೇ ಇಲ್ಲ ಅಂತ ಗೊತ್ತಿದ್ದೂ ಹುಡುಕಿದೆ.

ನಿನ್ನ,
ಆಲ್ಮಾ


ಓಸ್ಟ್‌ಬಿ
1 ಡಿಸೆಂಬರ್ 1971

ಆಲ್ಮಾ,

ನಿನ್ನ ಕಾಗದ ಶುಕ್ರವಾರ ಕೈಗೆ ಬಂತು. "ಬೇಡ" ಅಂತ ಬರೆದು ಲಕೋಟೆ ಅಂಟಿಸಿ ಇಟ್ಟಿದ್ದೆ. ಅದು ಅಂಚೆಗೆ ಹೋಗೋ ಮೊದಲೇ, ಶನಿವಾರ ಬೆಳಿಗ್ಗೆ, ಅವರು ಬಂದುಬಿಟ್ಟರು.

ನಾನು ಮನೆಯಲ್ಲಿರಲಿಲ್ಲ. ಕೃತಜ್ಞತೆಯ ಹಬ್ಬದ ಪಾತ್ರೆ ತೊಳೆಯೋಕೆ ಚರ್ಚಿಗೆ ಹೋಗಿದ್ದೆ. ವಾಪಸು ಬಂದರೆ ಅಂಗಳದಲ್ಲಿ ಬೂದು ಬಣ್ಣದ ಉದ್ದ ಕಾರು, ಬಾಗಿಲ ಮೇಲೆ ರಾಜ್ಯದ ಮುದ್ರೆ. ಉದ್ದ ಕೋಟಿನ ಇಬ್ಬರು, ಒಬ್ಬನ ಹೆಗಲ ಮೇಲೆ ಕ್ಯಾಮೆರಾ. ಅವರ ಎದುರಿಗೆ, ನಮ್ಮ ಮೆಟ್ಟಿಲ ಮೇಲೆ, ನಿಲ್ಸ್. ಭಾನುವಾರದ ಕೋಟು ಹಾಕಿಕೊಂಡು, ತಲೆಗೆ ನೀರು ಹಚ್ಚಿ ಬಾಚಿಕೊಂಡು, ರಟ್ಟಿನ ಪೆಟ್ಟಿಗೆಗೆ ದಾರ ಸುತ್ತಿ ಎದೆಗೆ ಅವುಚಿಕೊಂಡು ನಿಂತಿದ್ದ.

"ಅಮ್ಮಾ, ಬಹಳ ಚೆನ್ನಾಗಿ ಬಂತು" ಅಂದ ಕ್ಯಾಮೆರಾದವನು. "ನಾವು ಏನೂ ಹೇಳಿಕೊಡಲಿಲ್ಲ. ಮನೆಗೆ ವಾಪಸು ಬಂದ ದಿನ ಹೇಗೆ ನಿಂತಿದ್ದರೋ ಹಾಗೇ ಪೆಟ್ಟಿಗೆ ಹಿಡಕೊಂಡು ಬಂದು ನಿಂತರು."

ಆಲ್ಮಾ, ಅವನು ಬಂದವನಲ್ಲ, ಹೊರಟವನು. ಐವತ್ತೊಂದರಲ್ಲಿ ಅವನನ್ನು ಕರೆದುಕೊಂಡು ಹೋದದ್ದು ಇಂಥದೇ ಕಾರು, ಇದೇ ಮುದ್ರೆ, ಉದ್ದ ಕೋಟಿನ ಇಬ್ಬರು. ಕಿಟಕಿಯಿಂದ ನೋಡಿದ್ದಾನೆ. ಓಡಲಿಲ್ಲ, ಅಳಲಿಲ್ಲ. ಸಾಮಾನು ಕಟ್ಟಿಕೊಂಡು ಬಂದು ನಿಂತಿದ್ದಾನೆ.

ನಾನು ಹತ್ತಿರ ಹೋದೆ. "ಥೋರಾ, ಆಲೂಗಡ್ಡೆ ಎಲ್ಲಾ ಮುಗಿಸಿದ್ದೀನಿ" ಅಂದ. "ಒಂದೂ ಬಿಟ್ಟಿಲ್ಲ. ನಾನೇನು ತಪ್ಪು ಮಾಡಿದೆ?"

ಅವರಿಗೆ ಇದು ಕೇಳಿಸಲಿಲ್ಲ. ಕ್ಯಾಮೆರಾ ಕಟ್ಟಿಡುತ್ತಿದ್ದರು. ಹೋಗುವಾಗ ನಿಲ್ಸ್ ಕೈ ಕುಲುಕಿದರು. ಕಾರು ಅವನನ್ನು ಬಿಟ್ಟು ಹೋದದ್ದನ್ನು ಅವನು ನಂಬಲಿಲ್ಲ. ಮಧ್ಯಾಹ್ನದವರೆಗೂ ಮೆಟ್ಟಿಲ ಮೇಲೇ ಕೂತಿದ್ದ. ಈಗಲೂ ಪೆಟ್ಟಿಗೆ ಬಿಚ್ಚಲು ಬಿಡುತ್ತಿಲ್ಲ.

ಆ ಫಿಲ್ಮು ಯಾರಿಗೂ ತೋರಿಸಬೇಡಿ. ಹಾಕೋನ್‌ಗೆ ಈ ಕಾಗದ ಕೊಡು. ಇನ್ನೇನೂ ಕೇಳುವುದಿಲ್ಲ ನಾನು.

ಥೋರಾ


ಗವರ್ನರ್ ನಿವಾಸ
12 ಜನವರಿ 1972

ಥೋರಾ,

ನಿನ್ನ ಕಾಗದ ಬಂದು ನಲವತ್ತು ದಿನವಾಯಿತು. ನಿನ್ನೆಯವರೆಗೆ ಅದನ್ನು ನಾನು ಹಾಕೋನ್‌ಗೆ ಕೊಡಲಿಲ್ಲ.

ಯಾಕೆ ಅಂತ ಹೇಳುತ್ತೇನೆ. ಅವನಿಗಾಗಿ ಅಲ್ಲ. ನನಗೆ ಆಸೆ ಇತ್ತು. ಹಿಂದೊಮ್ಮೆ ವಾಷಿಂಗ್ಟನ್ನಿಗೆ ಹೋದಾಗ ಅಧ್ಯಕ್ಷರು ಇರೋ ಆ ಬಿಳಿ ಮನೆಯ ಮೆಟ್ಟಿಲು ಎಣಿಸಿದ್ದೆ. ಕೊಟ್ಟಿಗೆ ಬಳಿದು ಬೆಳೆದ ಹುಡುಗಿ ನಾನು, ಅಲ್ಲಿ ಕಿಟಕಿಗೆ ಎಂಥ ಪರದೆ ಹಾಕಬೇಕು ಅಂತ ಯೋಚಿಸಿದ್ದೆ. ಕಾಗದವನ್ನು ಹೊಲಿಗೆ ಡಬ್ಬಿಯ ಅಡಿಯಲ್ಲಿ ಇಟ್ಟೆ. ಹಬ್ಬ ಕಳೆಯಲಿ ಅಂದುಕೊಂಡೆ, ಆಮೇಲೆ ಹೊಸ ವರ್ಷ ಕಳೆಯಲಿ ಅಂದುಕೊಂಡೆ.

ನಿನ್ನೆ ಫಿಲ್ಮು ತೋರಿಸಿದರು, ಇಲ್ಲೇ, ಊಟದ ಕೋಣೆಯಲ್ಲಿ ಪರದೆ ಕಟ್ಟಿ. ಸೋಮವಾರದಿಂದ ಟೀವಿಯಲ್ಲಿ ಬರಬೇಕಿತ್ತು. ನಿಲ್ಸ್ ಪೆಟ್ಟಿಗೆ ಹಿಡಕೊಂಡು ಮೆಟ್ಟಿಲ ಮೇಲೆ ನಿಂತ. ಕೆಳಗೆ "ಅವರು ಇವನನ್ನು ಮನೆಗೆ ಕರೆತಂದರು" ಅಂತ ಅಕ್ಷರ ಬಂತು. ಕೋಣೆಯಲ್ಲಿದ್ದವರೆಲ್ಲ ಕಣ್ಣೊರೆಸಿಕೊಂಡರು. ಹಾಕೋನ್ ನನ್ನ ಕೈ ಹಿಡಿದು, "ನೋಡೇ, ಬಾಚಿಕೊಂಡು ನಿಂತಿದ್ದಾನೆ ನಮ್ಮ ನಿಲ್ಸ್" ಅಂದ.

ನಾನು ಎದ್ದು ಹೋಗಿ ಕಾಗದ ತಂದು ಅವನ ಕೈಗೆ ಕೊಟ್ಟೆ. ಪರದೆಯ ಬೆಳಕಿನಲ್ಲೇ ಎರಡು ಸಲ ಓದಿದ. ತಾರೀಖು ನೋಡಿದ. ನನ್ನನ್ನು ನೋಡಿದ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ವಾಡೆಲ್‌ಗೆ, "ಇದನ್ನು ತೋರಿಸೋ ಹಾಗಿಲ್ಲ" ಅಂದ.

"ಇದಿಲ್ಲದೆ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ನಿಮಗೆ ನೂರಕ್ಕೆ ಆರು, ಗವರ್ನರ್. ಇದಿದ್ದರೆ ಇಪ್ಪತ್ತು. ಆರಕ್ಕೆ ಯಾರೂ ಬೆನ್ನಿಗೆ ನಿಲ್ಲೋದಿಲ್ಲ."

"ಹಾಗಾದರೆ ನಾನೂ ನಿಲ್ಲೋದಿಲ್ಲ."

"ಕಾರಣವಾದರೂ ಹೇಳಿ. ಗೆಳೆಯನಿಗಾಗಿ ಬಿಟ್ಟರು ಅಂದರೆ ನಿಮ್ಮ ಬೆಲೆ ಇನ್ನೂ ಏರುತ್ತೆ. ಮುಂದಿನ ಸಲಕ್ಕೆ ಉಪಯೋಗಕ್ಕೆ ಬರುತ್ತೆ."

"ಕಾರಣ ಹೇಳಿದರೆ ನಾಳೆ ಅವನ ಅಂಗಳದಲ್ಲಿ ಇಪ್ಪತ್ತು ಕಾರು ನಿಲ್ಲುತ್ತವೆ. ಅಂಕಿ ಸಾಲಲಿಲ್ಲ, ಧೈರ್ಯ ಬರಲಿಲ್ಲ ಅಂತ ಹೇಳಿ. ನಾನೂ ಅದನ್ನೇ ಹೇಳ್ತೀನಿ."

ನಿಲ್ಲೋದಿಲ್ಲ ಅಂತ ಶುಕ್ರವಾರ ರೇಡಿಯೋದಲ್ಲಿ ಹೇಳುತ್ತಾನೆ. ಜನ ಏನೇನೋ ಅನ್ನುತ್ತಾರೆ. ನಿನಗೊಬ್ಬಳಿಗೆ ಗೊತ್ತಿರಲಿ ಅಂತ ಬರೆದೆ.

ನಲವತ್ತು ದಿನದ್ದನ್ನು ಕ್ಷಮಿಸು ಅಂತ ಕೇಳೋಕೆ ಮುಖವಿಲ್ಲ.

ಆಲ್ಮಾ


ಓಸ್ಟ್‌ಬಿ
6 ಏಪ್ರಿಲ್ 1972

ಆಲ್ಮಾ,

ಕ್ಷಮಿಸೋದು ಜನವರಿಯಲ್ಲೇ ಮುಗಿಯಿತು. ಉತ್ತರ ತಡವಾದದ್ದು ಬೇರೆ ಕಾರಣಕ್ಕೆ. ಕಾಗದಕ್ಕೆ ಕೂತಾಗಲೆಲ್ಲ ನಿನ್ನ ಆ ಪರದೆಯ ಮಾತು ನೆನಪಾಗಿ ಕಣ್ಣು ತುಂಬಿಕೊಳ್ಳುತ್ತಿತ್ತು. ಹಿಟ್ಟಿನ ಚೀಲದ ಬಟ್ಟೆಯಲ್ಲಿ ನಿನ್ನ ಅಮ್ಮ ಪರದೆ ಹೊಲಿದಾಗ ನೀನು ನನ್ನನ್ನು ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದ್ದೆ.

ಮಗಳ ಬಾಣಂತನಕ್ಕೆ ನೀನು ಹೋದದ್ದು ಸರಿಯೇ. ಆದರೆ ಈಸ್ಟರ್‌ಗೆ ಇಲ್ಲಿ ಏನಾಯಿತು ಅಂತ ಹಾಕೋನ್ ನಿನಗೆ ಹೇಳೋದಿಲ್ಲ, ಗೊತ್ತು ನನಗೆ. ನಾನು ಹೇಳುತ್ತೇನೆ.

ಶನಿವಾರ ಬಂದ. ಕಾರನ್ನು ಚರ್ಚಿನ ಹತ್ತಿರವೇ ಬಿಟ್ಟು ಒಂದೂವರೆ ಮೈಲಿ ನಡೆದು ಬಂದ. ಹಿಮ ಕರಗಿ ರಸ್ತೆಯೆಲ್ಲ ರಾಡಿ, ಮೊಣಕಾಲವರೆಗೆ ಕೆಸರು. ನಿಲ್ಸ್ ಎದುರಿಗೆ ಸ್ಟೂಲು ಎಳೆದುಕೊಂಡು ಕೂತು ಚಾಕು ತೆಗೆದುಕೊಂಡ. ಒಂದು ಗಂಟೆ ಇಬ್ಬರೂ ಆಲೂಗಡ್ಡೆ ಸಿಪ್ಪೆ ತೆಗೆದರು. ಅವನ ಸಿಪ್ಪೆ ದಪ್ಪ ಅಂತ ನಿಲ್ಸ್ ಎರಡು ಸಲ ಚಾಕು ಕಸಿದುಕೊಂಡು ಹೇಗೆ ಅಂತ ತೋರಿಸಿದ.

ಆಮೇಲೆ ನಿಲ್ಸ್ ತಲೆ ಎತ್ತದೆ ಕೇಳಿದ: "ಸ್ಕೂಲು ಯಾಕೆ ಮುಚ್ಚಿದೆ?"

ಹಾಕೋನ್ ನಿಧಾನವಾಗಿ, "ದೊಡ್ಡ ಸ್ಕೂಲಲ್ಲಿ ಮಕ್ಕಳು ಹೆಚ್ಚು ಕಲೀತಾರೆ ಅಂದುಕೊಂಡೆ ಕಣೋ. ಈಗಲೂ ಹಾಗೇ ಅನ್ನಿಸುತ್ತೆ. ಆದರೆ ಬಸ್ಸಿನ ವಿಷಯ ಯೋಚಿಸಲಿಲ್ಲ ನಾನು" ಅಂದ. ನಿಲ್ಸ್ ಯೋಚಿಸಿ, "ನಾವು ನಡಕೊಂಡು ಹೋಗ್ತಿದ್ವಿ" ಅಂದ. ಅಷ್ಟೇ. ಸ್ಕೂಲಿನ ವಿಷಯದಲ್ಲಿ ನನ್ನ ಉತ್ತರ ಇವತ್ತಿಗೂ ಬದಲಾಗಿಲ್ಲ, ಅದನ್ನು ಹಾಕೋನ್‌ಗೆ ಮುಖಕ್ಕೇ ಹೇಳಿದೆ. ಹೇಳಿಸಿಕೊಂಡು ಎರಡು ತಟ್ಟೆ ಊಟ ಮಾಡಿದ.

ಭಾನುವಾರ ಆರಾಧನೆಗೂ ಬಂದ. ಅದು ಮುಗಿದ ಮೇಲೆ ಕೆಳಮನೆಯಲ್ಲಿ ಕಾಫಿ. ಕೈ ಕುಲುಕಿದವರು ಕಮ್ಮಿ. ನಮ್ಮೂರಿಂದ ಒಬ್ಬ ಅಧ್ಯಕ್ಷ ಅಂತ ಜನವರಿವರೆಗೆ ಎಲ್ಲರೂ ಎದೆಯುಬ್ಬಿಸಿಕೊಂಡು ಓಡಾಡಿದ್ದರಲ್ಲ. ಬಿರ್ಗಿಟ್ ತಟ್ಟೆ ಹಿಡಕೊಂಡೇ ಶುರು ಮಾಡಿದಳು.

"ಕುದುರೆಗೆ ಜೀನು ಹಾಕೋ ಮೊದಲೇ ಇಳಿದುಬಿಟ್ಟೆಯಲ್ಲಪ್ಪ, ಹಾಕೋನ್."

"ವಯಸ್ಸಾಯ್ತು ಬಿರ್ಗಿಟ್. ಕುದುರೆ ಎತ್ತರ ಇತ್ತು."

"ಆರು ಅನ್ನೋ ಅಂಕಿ ನೋಡಿ ಕೈಕಾಲು ನಡುಗಿತಂತೆ. ನಿಮ್ಮಪ್ಪ ಆಲಿಕಲ್ಲು ಹೊಡೆದ ವರ್ಷವೂ ಎರಡನೇ ಸಲ ಬಿತ್ತಿದ್ದ. ಸೋತಿದ್ದರೆ ನಾವೇನು ಬೈತಿದ್ವಾ? ಹೆದರಿದ್ದಕ್ಕೆ ನಾಚಿಕೆ ನಮಗೆ."

ಮುದುಕ ಟೋರ್ಗರ್ "ಹೌದು ಹೌದು" ಅಂದ. ಸುತ್ತ ಕೂತವರು ನಕ್ಕರು. ನಾನು ಕಾಫಿ ಪಾತ್ರೆ ಹಿಡಕೊಂಡು ಅಲ್ಲೇ ನಿಂತಿದ್ದೆ. ನಿಜ ಏನು ಅಂತ ಆ ಕೋಣೆಯಲ್ಲಿ ಗೊತ್ತಿದ್ದದ್ದು ಇಬ್ಬರಿಗೆ. ಗೋಡೆ ಪಕ್ಕದ ಬೆಂಚಿನಲ್ಲಿ ನಿಲ್ಸ್ ಕೂತು ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದ. ಮನೆಗೆ ಬಂದ ಮೇಲೆ ಅವನು ಅಷ್ಟು ಜನರ ಮಧ್ಯೆ ಬಂದು ಕೂತದ್ದು ಅವತ್ತೇ ಮೊದಲು.

ನನ್ನ ಬಾಯಿ ತೆರೆಯಿತು. ನನ್ನನ್ನು ನೀನು ಬಲ್ಲೆ. ಹಾಕೋನ್ ನನ್ನ ಕಡೆ ನೋಡಿ ಚೂರೇ ಚೂರು ತಲೆ ಅಲ್ಲಾಡಿಸಿದ. ನಾನು ಬಿರ್ಗಿಟ್ ಲೋಟಕ್ಕೆ ಕಾಫಿ ಹಾಕಿದೆ. ತುಂಬಿ ತಟ್ಟೆಗೆ ಚೆಲ್ಲೋವರೆಗೂ ಹಾಕಿದೆ.

ಐವತ್ತು ವರ್ಷ ಸುಳ್ಳಾಡದ ಬಾಯಿ ಅಂತ ಬೀಗುತ್ತಿದ್ದವಳು ನಾನು. ಅವತ್ತು ಅದೇ ಬಾಯಿ ನಿಜವನ್ನು ನುಂಗಿತು. ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ ಅಂದುಕೊಂಡಿದ್ದೆ, ಆಲ್ಮಾ. ಪಾದ್ರಿಗಳು ಬಾಯಿಗಿಡೋ ಕರ್ತನ ಮೇಜಿನ ರೊಟ್ಟಿಯ ಹಾಗೆ ಸಲೀಸಾಗಿ ಇಳಿಯಿತು.

ನಿನ್ನ,
ಥೋರಾ